ಕಾಯಿಹಾಲು, ಕಾಗದ ಮತ್ತು ನಮ್ಮ ಶಾಲೆಯ ರಿಜಿಸ್ಟರು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಕಾಗದದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಇಷ್ಟು ವರ್ಷ ದುಡಿದಿದ್ದೀರಿ, ಮಕ್ಕಳಿಗೆ ಉಪಯೋಗವಾಗುವ ಹಾಗೆ ಏನಾದರೂ ಹೇಳಿ" ಅಂದರು. ನನ್ನ ಕೆಲಸದ ಬಹುಪಾಲು ಒಂದೇ ವಿಷಯದ ಸುತ್ತ ಸುತ್ತುತ್ತಿತ್ತು. ಕಾಗದದ ಮೇಲೆ ಬರೆದ ಮಸಿ ಹರಡದ ಹಾಗೆ ಮಾಡುವುದು ಹೇಗೆ? ಕೇಳುವುದಕ್ಕೆ ಇದು ಸಣ್ಣ ವಿಷಯ. ಆದರೆ ಇದಕ್ಕೂ ನಮ್ಮ ಅಡುಗೆಮನೆಗೂ ಸಂಬಂಧ ಇದೆ. ನಮ್ಮ ಶಾಲೆಯ ಆಫೀಸಿನ ಬೀರುವಿನಲ್ಲಿರುವ ಹಳೆಯ ಅಡ್ಮಿಷನ್ ರಿಜಿಸ್ಟರಿಗೂ ಸಂಬಂಧ ಇದೆ. ಆ ರಿಜಿಸ್ಟರಿನ ವಿಷಯ ಕೊನೆಯಲ್ಲಿ ಹೇಳುತ್ತೇನೆ. ನಾನು ಮುಖ್ಯವಾಗಿ ಬಂದಿರುವುದು ಅದಕ್ಕೇ.

ಮೊದಲು ಮಕ್ಕಳಿಗೆ ಒಂದು ಪ್ರಶ್ನೆ. ಮಳೆಗಾಲದಲ್ಲಿ ಕಾಗದದ ದೋಣಿ ಬಿಡುತ್ತೀರಲ್ಲ, ದಿನಪತ್ರಿಕೆಯ ಹಾಳೆಯಲ್ಲಿ ಮಾಡಿದ ದೋಣಿ ಬೇಗ ಮುಳುಗುತ್ತದೋ, ನೋಟ್ ಪುಸ್ತಕದ ಹಾಳೆಯಲ್ಲಿ ಮಾಡಿದ್ದೋ? ದಿನಪತ್ರಿಕೆಯದು ಸ್ವಲ್ಪ ಹೊತ್ತಿಗೇ ನೀರು ಕುಡಿದು ಮೆತ್ತಗಾಗುತ್ತದೆ. ನೋಟ್ ಪುಸ್ತಕದ್ದು ಹೆಚ್ಚು ಹೊತ್ತು ತೇಲುತ್ತದೆ. ಎರಡೂ ಮರದ ಅಥವಾ ಬಿದಿರಿನ ನಾರಿನವೇ. ಆದರೂ ಈ ವ್ಯತ್ಯಾಸ ಯಾಕೆ?

ನಾರು ಅಂದರೆ ಸೆಲ್ಯುಲೋಸ್. ಅದಕ್ಕೆ ನೀರೆಂದರೆ ಬಲು ಪ್ರೀತಿ. ಕಾಗದ ಮಾಡುವಾಗ ಈ ಗುಣ ಬೇಕೇ ಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿಗಿಂತ ಕಡಿಮೆ ನಾರು ಕದಡಿ, ಓಡುತ್ತಿರುವ ಜಾಲರಿಯ ಮೇಲೆ ಸುರಿದು, ನೀರು ಬಸಿದು, ಒತ್ತಿ, ಬಿಸಿ ಸಿಲಿಂಡರುಗಳ ಮೇಲೆ ಒಣಗಿಸಿದರೆ ಕಾಗದ. ಆದರೆ ಒಣಗಿದ ಮೇಲೂ ನಾರು ತನ್ನ ನೀರಿನ ಪ್ರೀತಿ ಬಿಡುವುದಿಲ್ಲ. ಮಸಿಯ ಹನಿ ಬಿದ್ದರೆ ಎಳೆ ಎಳೆಯಾಗಿ ಹೀರುತ್ತದೆ. ಅದೇ ಬ್ಲಾಟಿಂಗ್ ಪೇಪರ್. ಅದರ ಮೇಲೆ ಬರೆಯಲಾಗದು. ಬರೆಯುವ ಕಾಗದ ಆಗಬೇಕಾದರೆ ನಾರಿಗೆ ನೀರಿನ ಮೇಲೆ ಸ್ವಲ್ಪ ಮುನಿಸು ಬರಿಸಬೇಕು. ಆ ಕೆಲಸಕ್ಕೆ ಕಾರ್ಖಾನೆಯಲ್ಲಿ ಸೈಜಿಂಗ್ ಅನ್ನುತ್ತಾರೆ.

ನಮ್ಮವರಿಗೆ ಇದು ಹೊಸದಲ್ಲ. ನಮ್ಮ ಕಡೆ ಕಂಬಳಿ ನೇಯುವವರು ಹಾಸಿನ ಎಳೆಗೆ ಹುಣಸೆಬೀಜದ ಗಂಜಿ ಹಚ್ಚುವುದನ್ನು ಹಿರಿಯರು ನೋಡಿದ್ದೀರಿ. ಹಿಂದೆ ಮಠಗಳಲ್ಲಿ, ಅಂಗಡಿಗಳಲ್ಲಿ ಲೆಕ್ಕ ಬರೆಯುತ್ತಿದ್ದ ಕಡತ ಅಂದರೆ ಏನು? ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಹೆಸರಾದವು. ಕೈಕಾಗದ ಮಾಡುತ್ತಿದ್ದವರೂ ಹಾಳೆಗೆ ಗಂಜಿ ಹಚ್ಚಿ, ನುಣುಪು ಕಲ್ಲಿನಲ್ಲಿ ಉಜ್ಜಿ ಹೊಳಪು ಕೊಡುತ್ತಿದ್ದರು. ಯುರೋಪಿನಲ್ಲಿ ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದ ಜೆಲಟಿನ್ನಿನಲ್ಲಿ ಹಾಳೆಗಳನ್ನು ಅದ್ದುತ್ತಿದ್ದರು. ಇವೆಲ್ಲ ಹಾಳೆಯಾದ ಮೇಲೆ ಒಂದೊಂದಾಗಿ ಮಾಡುವ ಕೆಲಸ.

1807ರಲ್ಲಿ ಜರ್ಮನಿಯ ಎರ್ಬಾಕ್ ಊರಿನ ಮೊರಿಟ್ಸ್ ಇಲ್ಲಿಗ್ ಎಂಬಾತ ಬೇರೊಂದು ದಾರಿ ತೋರಿಸಿದ. ಪೈನ್ ಮರದ ರಾಳವನ್ನು, ಅಂದರೆ ರೋಸಿನ್ನನ್ನು, ಕ್ಷಾರದಲ್ಲಿ ಕುದಿಸಿ ಒಂದು ಬಗೆಯ ಸಾಬೂನು ಮಾಡಿ ನಾರಿನ ತಿರುಳಿಗೇ ಬೆರೆಸುವುದು, ಆಮೇಲೆ ಆಲಂ ಹಾಕಿ ಅದನ್ನು ನಾರಿನ ಮೇಲೆ ಕೂರಿಸುವುದು. ಕಾರ್ಖಾನೆಯ ಆಲಂ ಅಂದರೆ ಅಲ್ಯೂಮಿನಿಯಂ ಸಲ್ಫೇಟು. ಕ್ಷೌರದಂಗಡಿಯ ಪಟಿಕಕ್ಕೆ ಹತ್ತಿರದ ನೆಂಟ. ಹಾಳೆಯಾಗುವ ಮೊದಲೇ ಸೈಜಿಂಗ್ ಮುಗಿದುಹೋಯಿತು. ಯಂತ್ರಗಳು ಬಂದ ಮೇಲೆ ಜಗತ್ತಿನ ಕಾಗದವೆಲ್ಲ ಹೆಚ್ಚು ಕಡಿಮೆ ಹೀಗೇ ತಯಾರಾಯಿತು. 1936ರಲ್ಲಿ ಭದ್ರಾವತಿಯಲ್ಲಿ ಆರಂಭವಾದ ಮೈಸೂರು ಪೇಪರ್ ಮಿಲ್ಸ್, 1950ರ ದಶಕದಲ್ಲಿ ಕಾಳಿ ನದಿಯ ದಂಡೆಯ ದಾಂಡೇಲಿಯಲ್ಲಿ ಬಂದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್, ಇವೆಲ್ಲ ಕಾಲಿಟ್ಟಾಗ ಜಗತ್ತಿನಲ್ಲಿ ರೋಸಿನ್ ಮತ್ತು ಆಲಮ್ಮಿನದೇ ಆಳ್ವಿಕೆ. ನಾವು ಓದಿದ ಪಠ್ಯಪುಸ್ತಕ, ಬರೆದ ನೋಟ್ ಪುಸ್ತಕ, ಪರೀಕ್ಷೆಯ ಉತ್ತರಪತ್ರಿಕೆ ಎಲ್ಲ ಆ ಕಾಲದವು.

ಈಗ ಅಡುಗೆಮನೆಗೆ ಬರೋಣ. ಒತ್ತುಶ್ಯಾವಿಗೆಗೆ ಕಾಯಿಹಾಲು ಮಾಡದ ಮನೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇದೆಯೇ? ಕಾಯಿ ರುಬ್ಬಿ ಹಿಂಡಿದ ಹಾಲಿನಲ್ಲಿ ಏನಿದೆ? ನೀರು ಮತ್ತು ಎಣ್ಣೆ. ಎಂದೂ ಬೆರೆಯದ ಎರಡು ವಸ್ತು. ಆದರೂ ಬೆಳ್ಳಗೆ ಒಂದಾಗಿ ಕಾಣುತ್ತವೆ. ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದಿದೆ. ಪ್ರತಿ ಹನಿಯ ಮೇಲೂ ಕಾಯಿಯಲ್ಲೇ ಇರುವ ಪ್ರೋಟೀನು ಅಂಗಿ ತೊಡಿಸಿದ ಹಾಗೆ ಕೂತಿದೆ. ಆ ಅಂಗಿ ಇರುವ ತನಕ ಹನಿಗಳು ಒಂದಕ್ಕೊಂದು ಅಂಟುವುದಿಲ್ಲ. ಇಂಥ ಮಿಶ್ರಣಕ್ಕೆ ಎಮಲ್ಷನ್ ಅನ್ನುತ್ತಾರೆ.

ಕಾಯಿಹಾಲು ಕೆಡುವ ಬಗೆಯನ್ನು ತಾಯಂದಿರು ನನಗಿಂತ ಚೆನ್ನಾಗಿ ಬಲ್ಲಿರಿ. ಸುಮ್ಮನೆ ಇಟ್ಟರೆ ಮೇಲೆ ಕೆನೆ ಕಟ್ಟುತ್ತದೆ, ಕೆಳಗೆ ನೀರು ನಿಲ್ಲುತ್ತದೆ. ಅದು ಮೊದಲ ಹಂತ, ಕಲಕಿದರೆ ಮತ್ತೆ ಸರಿಹೋಗುತ್ತದೆ. ನಿಂಬೆಹುಳಿ ಬಿದ್ದರೆ ಹನಿಗಳು ಗುಂಪು ಕಟ್ಟಿ ಒಡೆದ ಹಾಲಿನ ಹಾಗೆ ಆಗುತ್ತದೆ. ಅದು ಎರಡನೆಯದು. ಕುದಿಸುತ್ತಲೇ ಹೋದರೆ ಅಂಗಿ ಹರಿದು, ಹನಿ ಹನಿ ಸೇರಿ ಎಣ್ಣೆಯೇ ಬೇರೆಯಾಗಿ ತೇಲುತ್ತದೆ. ಅದು ಮೂರನೆಯದು, ಅಲ್ಲಿಂದ ಹಿಂದಕ್ಕೆ ದಾರಿ ಇಲ್ಲ. ಅದಕ್ಕೇ ಕಾಯಿ ರುಬ್ಬುವಾಗ ನೆನೆಸಿದ ಅಕ್ಕಿಯನ್ನೋ ಗಸಗಸೆಯನ್ನೋ ಸೇರಿಸುತ್ತೀರಿ, ಉರಿ ಸಣ್ಣಗೆ ಇಡುತ್ತೀರಿ, ಕೈಬಿಡದೆ ತಿರುಗಿಸುತ್ತೀರಿ. ಪ್ರಯೋಗಾಲಯದಲ್ಲಿ ನಾವು ಮಾಡುತ್ತಿದ್ದದ್ದೂ ಅಷ್ಟೇ, ಹೆಸರು ಮಾತ್ರ ಬೇರೆ.

ಇವತ್ತಿನ ಬರೆಯುವ ಕಾಗದಕ್ಕೆ ಹಾಕುವ ಮುಖ್ಯ ವಸ್ತುಗಳು ಎರಡು. ಒಂದು ಎ.ಕೆ.ಡಿ. ಎಂಬ ಮೇಣ. ಇನ್ನೊಂದು ಎ.ಎಸ್.ಎ. ಎಂಬ ಎಣ್ಣೆಯಂಥ ದ್ರವ. ಎರಡೂ ನೀರಿನಲ್ಲಿ ಕರಗುವುದಿಲ್ಲ. ಕಾಗದ ಮಾಡುವುದೋ ಪೂರ್ತಿ ನೀರಿನಲ್ಲಿ. ಆದ್ದರಿಂದ ಇವನ್ನು ಕಾಯಿಹಾಲಿನ ಹಾಗೆ ಎಮಲ್ಷನ್ ಮಾಡಿಯೇ ಹಾಕಬೇಕು. ಎ.ಕೆ.ಡಿ. ಮೇಣ ಸುಮಾರು 50 ಡಿಗ್ರಿಯಲ್ಲಿ ಕರಗುತ್ತದೆ. ಬಿಸಿಯಲ್ಲಿ ಕರಗಿಸಿ, ಪಿಷ್ಟದ ಗಂಜಿಯೊಂದಿಗೆ ಜೋರಾಗಿ ಕಡೆದು, ತಣ್ಣಗೆ ಮಾಡಿದರೆ ಹನಿಗಳು ಗಟ್ಟಿಯಾಗಿ ಸಣ್ಣ ಕಣಗಳಾಗುತ್ತವೆ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಶೀಶೆಯಲ್ಲಿ ಗಟ್ಟಿಯಾಗುತ್ತದಲ್ಲ, ಹಾಗೆ.

ಕಣದ ಗಾತ್ರ ಸುಮಾರು ಒಂದು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಮಕ್ಕಳೇ, ಇದನ್ನು ಲೆಕ್ಕ ಹಾಕಿ ನೋಡಿ. ಒಂದು ಚಮಚ, ಅಂದರೆ 5 ಮಿಲಿಲೀಟರ್ ಎಣ್ಣೆಯನ್ನು ಒಂದು ಮೈಕ್ರಾನಿನ ಹನಿಗಳಾಗಿ ಒಡೆದರೆ ಆ ಹನಿಗಳ ಒಟ್ಟು ಮೈ 30 ಚದರ ಮೀಟರ್ ಆಗುತ್ತದೆ. ಹೆಚ್ಚು ಕಡಿಮೆ ಒಂದು ತರಗತಿ ಕೋಣೆಯ ನೆಲದಷ್ಟು. ಇದರಿಂದಲೇ ಬಹಳ ಸ್ವಲ್ಪ ಮೇಣದಲ್ಲಿ ಬಹಳ ಕಾಗದಕ್ಕೆ ರಕ್ಷಣೆ ಸಿಗುತ್ತದೆ. ಒಂದು ಟನ್ ಕಾಗದಕ್ಕೆ ಒಂದರಿಂದ ಎರಡು ಕೆಜಿ ಎ.ಕೆ.ಡಿ. ಸಾಕು. ನಿಮ್ಮ ಕೈಲಿರುವ 200 ಗ್ರಾಂ ತೂಕದ ನೋಟ್ ಪುಸ್ತಕದಲ್ಲಿ ಅದು ಅರ್ಧ ಗ್ರಾಂ ಕೂಡ ಇರುವುದಿಲ್ಲ.

ಈ ಕಣ ನಾರನ್ನು ಹುಡುಕಿಕೊಂಡು ಹೋಗುವುದು ಹೇಗೆ? ನೀರಿನಲ್ಲಿ ನಾರಿಗೆ ಋಣ ವಿದ್ಯುದಂಶ ಇರುತ್ತದೆ. ಅದಕ್ಕೇ ಎಮಲ್ಷನ್ನಿಗೆ ಬಳಸುವ ಪಿಷ್ಟವನ್ನು ಧನ ವಿದ್ಯುದಂಶ ಬರುವ ಹಾಗೆ ಮಾರ್ಪಡಿಸಿರುತ್ತಾರೆ. ಧನ ಧನ ದೂರ ತಳ್ಳುವುದರಿಂದ ಡ್ರಮ್ಮಿನಲ್ಲಿ ಕಣಗಳು ಒಂದನ್ನೊಂದು ಅಂಟುವುದಿಲ್ಲ. ಋಣ ಧನ ಸೆಳೆಯುವುದರಿಂದ ತಿರುಳಿಗೆ ಬಿದ್ದ ತಕ್ಷಣ ನಾರಿಗೆ ಅಂಟುತ್ತವೆ. ಆಮೇಲೆ ಒಣಗಿಸುವ ಸಿಲಿಂಡರಿನ ಬಿಸಿಗೆ ಮೇಣ ಕರಗಿ ನಾರಿನ ಮೇಲೆ ಹರಡುತ್ತದೆ, ಸೆಲ್ಯುಲೋಸಿನೊಂದಿಗೆ ರಾಸಾಯನಿಕವಾಗಿ ಹೆಣೆದುಕೊಳ್ಳುತ್ತದೆ. ಯಂತ್ರದಿಂದ ಇಳಿದ ಮೇಲೂ ಒಂದೆರಡು ದಿನ ಈ ಕೆಲಸ ಮುಂದುವರಿಯುತ್ತದೆ. ಅಟ್ಟದ ಮೇಲಿನ ಕಾಯಿ ತನ್ನಷ್ಟಕ್ಕೆ ಕೊಬ್ಬರಿಯಾದ ಹಾಗೆ.

ಇಲ್ಲೇ ನಮ್ಮ ಕೆಲಸದ ಕಷ್ಟ ಇರುವುದು. ಎಮಲ್ಷನ್ ಡ್ರಮ್ಮಿನಲ್ಲಿ ಒಡೆಯಬಾರದು, ಕಾಗದದ ಮೇಲೆ ಒಡೆಯಲೇಬೇಕು. ಡ್ರಮ್ಮಿನಲ್ಲೇ ಒಡೆದರೆ ಗಡ್ಡೆಯಾಗಿ ಜಾಲರಿಗೆ, ರೋಲರಿಗೆ ಅಂಟುತ್ತದೆ, ಕಾಗದದಲ್ಲಿ ಚುಕ್ಕೆ ಬೀಳುತ್ತದೆ. ಎಲ್ಲೂ ಒಡೆಯದಷ್ಟು ಗಟ್ಟಿ ಅಂಗಿ ತೊಡಿಸಿದರೆ ನಾರಿನ ಮೇಲೆ ಹರಡುವುದಿಲ್ಲ, ಮಸಿ ಹರಡುತ್ತದೆ. ಬಾಳಿಕೆ ಮತ್ತು ಕೆಲಸ, ಎರಡೂ ಒಂದೇ ಹನಿಯಲ್ಲಿ ಹೊಂದಬೇಕು. ಅಂಗಿ ಎಷ್ಟು ದಪ್ಪ ಇರಬೇಕು, ಯಾವ ಪಿಷ್ಟ, ಎಷ್ಟು ಕಡೆಯಬೇಕು ಎಂಬುದನ್ನೇ ದಿನವೂ ನೋಡುತ್ತಿದ್ದೆವು.

ಇದರಲ್ಲಿ ಇನ್ನೊಂದು ಗುಟ್ಟಿದೆ. ಎಮಲ್ಷನ್ ಎರಡು ರೀತಿ ಕೆಡುತ್ತದೆ. ಕಣ್ಣಿಗೆ ಕಾಣುವ ಹಾಗೆ ಒಡೆಯುವುದು ಒಂದು. ಕಣ್ಣಿಗೆ ಕಾಣದ ಹಾಗೆ ಸತ್ವ ಕಳೆದುಕೊಳ್ಳುವುದು ಇನ್ನೊಂದು. ಈ ವಸ್ತುಗಳು ನಾರಿನ ಜೊತೆ ಸೇರಬೇಕಾದದ್ದು, ಕಾದರೆ ನೀರಿನ ಜೊತೆಯೇ ಸೇರಿಬಿಡುತ್ತವೆ. ಆಗ ಎಮಲ್ಷನ್ ನೋಡಲು ಹಾಲಿನ ಹಾಗೇ ಇರುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ನಮ್ಮ ಸೀಮೆಯ ಮಾತಿನಲ್ಲಿ ಹೇಳುವುದಾದರೆ ರೋಸಿನ್ ಕೊಬ್ಬರಿಯ ಹಾಗೆ, ಇಟ್ಟರೆ ಇರುತ್ತದೆ. ಎ.ಕೆ.ಡಿ. ಕಿತ್ತ ಎಳನೀರಿನ ಹಾಗೆ, ನೆರಳಿನಲ್ಲಿ ತಂಪಾಗಿಟ್ಟರೆ ಕೆಲವು ವಾರ ಬಾಳುತ್ತದೆ. ಎ.ಎಸ್.ಎ. ನೀರಾ ಇದ್ದ ಹಾಗೆ, ಇಳಿಸಿದ ಹೊತ್ತಿಗೇ ಬಳಸಬೇಕು. ಅದಕ್ಕೇ ಎ.ಎಸ್.ಎ. ಎಮಲ್ಷನ್ನನ್ನು ಯಾರೂ ಡ್ರಮ್ಮಿನಲ್ಲಿ ಮಾರುವುದಿಲ್ಲ. ಕಾಗದದ ಯಂತ್ರದ ಪಕ್ಕದಲ್ಲೇ ಕಡೆದು, ಕೂಡಲೇ ತಿರುಳಿಗೆ ಬಿಡುತ್ತಾರೆ. ತಡವಾದರೆ ಅದು ನೀರಿನ ಸುಣ್ಣದಂಶದ ಜೊತೆ ಸೇರಿ ಜಿಗುಟಾಗಿ ರೋಲರಿಗೆ ಮೆತ್ತಿಕೊಳ್ಳುತ್ತದೆ.

ಒಂದು ಬೇಸಿಗೆಯಲ್ಲಿ ನಾನಿದ್ದ ಕಡೆ ನಡೆದ ಸಂಗತಿ ಇದು. ನೋಟ್ ಪುಸ್ತಕ ಮಾಡುವವರಿಂದ ದೂರು ಬಂತು, ಮಸಿ ಹಿಂಬದಿಗೆ ಇಳಿಯುತ್ತಿದೆ ಎಂದು. ತಿರುಳು ಸರಿಯಿತ್ತು, ಎಮಲ್ಷನ್ ಹಾಕಿದ ಅಳತೆಯೂ ಸರಿಯಿತ್ತು. ಕಾಬ್ ಪರೀಕ್ಷೆ ಮಾಡಿದೆವು. ಅದು ಸರಳ ಪರೀಕ್ಷೆ. 100 ಚದರ ಸೆಂಟಿಮೀಟರಿನ ಬಳೆಯಂಥ ಉಂಗುರವನ್ನು ಕಾಗದದ ಮೇಲೆ ಬಿಗಿದು, ನೀರು ಹೊಯ್ದು, 60 ಸೆಕೆಂಡು ಆದ ಮೇಲೆ ಕಾಗದ ಎಷ್ಟು ನೀರು ಕುಡಿಯಿತು ಎಂದು ತೂಗುವುದು. ಒಳ್ಳೆಯ ಬರೆಯುವ ಕಾಗದ ಒಂದು ಚದರ ಮೀಟರಿಗೆ 20ರಿಂದ 25 ಗ್ರಾಂ ಸುಮಾರಿಗೆ ಕುಡಿಯುತ್ತದೆ. ನಮ್ಮದು ಅದರ ಎರಡರಷ್ಟು ಕುಡಿದಿತ್ತು. ಕೊನೆಗೆ ಗೋದಾಮಿಗೆ ಹೋಗಿ ನೋಡಿದರೆ ಡ್ರಮ್ಮುಗಳು ತಗಡಿನ ಚಾವಣಿಯ ಕೆಳಗೆ, ಏಪ್ರಿಲ್ ಬಿಸಿಲಿಗೆ ಮುಟ್ಟಲಾರದಷ್ಟು ಕಾದಿದ್ದವು. ಒಳಗಿನ ಎಮಲ್ಷನ್ ಬೆಳ್ಳಗೆ, ನುಣ್ಣಗೆ, ನೋಡಿದರೆ ಯಾವ ಅನುಮಾನವೂ ಬಾರದ ಹಾಗಿತ್ತು. ಹೊಸ ಡ್ರಮ್ಮು ತರಿಸಿ ನೆರಳಿನಲ್ಲಿಟ್ಟ ಮೇಲೆ ದೂರು ನಿಂತಿತು.

ನೀರಿನ ಗುಣವೂ ಮುಖ್ಯ. ನಮ್ಮ ಊರಿನ ಬೋರ್‌ವೆಲ್ ನೀರಿನಲ್ಲಿ ಸಾಬೂನು ನೊರೆ ಬಾರದೆ ಬಕೆಟ್ಟಿನ ಅಂಚಿಗೆ ಬೂದು ಬಣ್ಣದ ಪದರ ಕಟ್ಟುತ್ತದಲ್ಲ, ಅದು ಗಡಸು ನೀರಿನ ಸುಣ್ಣದಂಶ ಸಾಬೂನಿನೊಂದಿಗೆ ಸೇರಿ ಆದದ್ದು. ರೋಸಿನ್ ಸಾಬೂನಿಗೂ ಗಡಸು ನೀರಿನಲ್ಲಿ ಅದೇ ಗತಿ. ನಾರಿಗೆ ಅಂಟುವ ಮೊದಲೇ ಗಟ್ಟಿಕಟ್ಟಿ ವ್ಯರ್ಥವಾಗುತ್ತದೆ.

"ಬಾಲ್‌ಪೆನ್ ಬಂದ ಮೇಲೆ ಮಸಿ ಹರಡುವ ಮಾತೆಲ್ಲಿ?" ಎಂದು ಕೇಳಬಹುದು. ಬಾಲ್‌ಪೆನ್ನಿನ ಮಸಿ ಎಣ್ಣೆಯಂಥದು, ಅದಕ್ಕೆ ಈ ತೊಂದರೆ ಕಡಿಮೆ ನಿಜ. ಆದರೆ ಪುಸ್ತಕ ಮುದ್ರಿಸುವ ಆಫ್‌ಸೆಟ್ ಯಂತ್ರದಲ್ಲಿ ನೀರಿದೆ. ಹಾಲಿನ ಪೆಟ್ಟಿಗೆ, ಸಾಮಾನು ತುಂಬುವ ರಟ್ಟಿನ ಡಬ್ಬ, ಕಾಗದದ ಲೋಟ, ಎಲ್ಲದಕ್ಕೂ ಸೈಜಿಂಗ್ ಬೇಕು. ಟೀ ಲೋಟದ ಒಳಮೈಗೆ ಪ್ಲಾಸ್ಟಿಕ್ ಪದರ ಇದ್ದರೂ, ಕತ್ತರಿಸಿದ ಅಂಚಿನಿಂದ ಟೀ ಒಳಗೆ ಇಳಿಯದಂತೆ ತಡೆಯುವುದು ಇದೇ.

ಊರಿನ ರೈತರೊಬ್ಬರು ನಿನ್ನೆ ಕೇಳಿದರು, "ಈ ಮೇಣವನ್ನು ನಮ್ಮ ಕೊಬ್ಬರಿ ಎಣ್ಣೆಯಿಂದ ಮಾಡಬಾರದೇ, ನಮಗೂ ಒಂದು ಬೆಲೆ ಸಿಗುತ್ತದೆ" ಎಂದು. ಒಳ್ಳೆಯ ಪ್ರಶ್ನೆ, ನೇರವಾದ ಉತ್ತರ ಕೊಡುತ್ತೇನೆ. ಎ.ಕೆ.ಡಿ. ಮಾಡುವುದು ಕೊಬ್ಬಿನ ಆಮ್ಲಗಳಿಂದಲೇ. ಆದರೆ ಅದಕ್ಕೆ 16, 18 ಇಂಗಾಲದ ಉದ್ದನೆಯ ಸರಪಳಿ ಬೇಕು. ಅದು ತಾಳೆ ಎಣ್ಣೆಯಲ್ಲಿ ಹೇರಳ. ನಮ್ಮ ಕೊಬ್ಬರಿ ಎಣ್ಣೆಯಲ್ಲಿ ಅರ್ಧದಷ್ಟು ಇರುವುದು 12 ಇಂಗಾಲದ ಲಾರಿಕ್ ಆಮ್ಲ. ಸರಪಳಿ ಗಿಡ್ಡವಾದಷ್ಟೂ ನೀರು ತಡೆಯುವ ಶಕ್ತಿ ಕಡಿಮೆ. ಆ ಗಿಡ್ಡ ಸರಪಳಿಯಿಂದಲೇ ಕೊಬ್ಬರಿ ಎಣ್ಣೆಯ ಸಾಬೂನು ಚೆನ್ನಾಗಿ ನೊರೆ ಕೊಡುವುದು. ನಮ್ಮ ಎಣ್ಣೆಯ ಬೆಲೆ ಇರುವುದು ಆ ದಾರಿಯಲ್ಲಿ, ಕಾಗದದ ದಾರಿಯಲ್ಲಿ ಅಲ್ಲ. ಇಲ್ಲದ ಆಸೆ ಹುಟ್ಟಿಸಿ ಹೋಗುವುದು ತರವಲ್ಲ ಎಂದು ಇಷ್ಟು ಹೇಳಿದೆ.

ಈಗ ರಿಜಿಸ್ಟರಿನ ವಿಷಯ. ನಿನ್ನೆ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಆಫೀಸಿನಲ್ಲಿ ಶಾಲೆಯ ಮೊದಲ ಅಡ್ಮಿಷನ್ ರಿಜಿಸ್ಟರನ್ನು ತೆರೆದು ನೋಡಿದೆ. ಹಾಳೆಗಳ ಅಂಚು ಕಂದಾಗಿದೆ. ಮಡಿಸಿದ ಮೂಲೆ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಯಾರ ನಿರ್ಲಕ್ಷ್ಯವೂ ಇದಕ್ಕೆ ಕಾರಣವಲ್ಲ. ಕಾರಣ ಕಾಗದದೊಳಗೇ ಇದೆ. ರೋಸಿನ್ನನ್ನು ಕೂರಿಸಲು ಹಾಕಿದ ಆಲಂ ಹುಳಿ ಗುಣದ್ದು. ಆ ಕಾಗದದ ಪಿ.ಎಚ್. 5ರ ಆಸುಪಾಸಿನಲ್ಲಿ ಇರುತ್ತದೆ. ಆ ಹುಳಿ, ಗಾಳಿಯ ತೇವದ ಜೊತೆ ಸೇರಿ ಸೆಲ್ಯುಲೋಸಿನ ಉದ್ದನೆಯ ಸರಪಳಿಯನ್ನು ವರ್ಷ ವರ್ಷವೂ ತುಂಡು ತುಂಡು ಮಾಡುತ್ತದೆ. ಮಸಿ ಹರಡದಂತೆ ಕಾಪಾಡಿದ ವಸ್ತುವೇ ಹಾಳೆಯನ್ನು ತಿನ್ನುತ್ತಿದೆ. ಅಮೆರಿಕದ ವಿಲಿಯಂ ಬ್ಯಾರೋ 1950ರ ದಶಕದಲ್ಲಿ ಇದನ್ನು ಪರೀಕ್ಷೆಗಳಿಂದ ತೋರಿಸಿದ ಮೇಲೆ ಜಗತ್ತಿನ ಗ್ರಂಥಾಲಯಗಳು ಎಚ್ಚೆತ್ತವು. ಎ.ಕೆ.ಡಿ., ಎ.ಎಸ್.ಎ. ಎರಡೂ ಆಲಮ್ಮಿನ ಹುಳಿ ಇಲ್ಲದೆಯೇ ಕೆಲಸ ಮಾಡುತ್ತವೆ. ಜೊತೆಗೆ ಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟು, ಹಾಕಲು ಅನುವಾಗುತ್ತದೆ. ಅದು ಮುಂದೆ ಹುಟ್ಟುವ ಹುಳಿಯನ್ನೂ ನುಂಗಿಕೊಳ್ಳುತ್ತದೆ. ಅಂಥ ಕಾಗದ ಹಳೆಯ ಕಾಗದಕ್ಕಿಂತ ಎಷ್ಟೋ ಹೆಚ್ಚು ಕಾಲ ಬಾಳುತ್ತದೆ.

ಆ ರಿಜಿಸ್ಟರಿನಲ್ಲಿ ಏನಿದೆ ಎಂದು ನಿಮಗೆ ಗೊತ್ತು. ಈ ಊರಿನ, ಸುತ್ತಲ ಹಳ್ಳಿಗಳ ಎಷ್ಟೋ ಜನರಿಗೆ ಹುಟ್ಟಿದ ದಿನಾಂಕಕ್ಕೆ ಇರುವ ಒಂದೇ ದಾಖಲೆ ಅದು. ಪಿಂಚಣಿಗೆ, ಜಾತಿ ಪ್ರಮಾಣಪತ್ರಕ್ಕೆ, ಕೋರ್ಟಿನ ಕೆಲಸಕ್ಕೆ ಜನ ಇಂದಿಗೂ ಆ ಪುಟ ಹುಡುಕಿಕೊಂಡು ಬರುತ್ತಾರೆ. ತಮ್ಮ ಮನೆಯಿಂದ ಮೊದಲ ಬಾರಿಗೆ ಹೈಸ್ಕೂಲಿಗೆ ಕಾಲಿಟ್ಟ ಹೆಣ್ಣುಮಕ್ಕಳ ಹೆಸರು ಅದರಲ್ಲಿದೆ. ಹೆಬ್ಬೆಟ್ಟು ಒತ್ತಿದ ಅಪ್ಪಂದಿರ ಗುರುತು ಅದರಲ್ಲಿದೆ. ಇನ್ನು ಐವತ್ತು ವರ್ಷದ ಶತಮಾನೋತ್ಸವಕ್ಕೆ ಅದು ಉಳಿಯಬೇಕಾದರೆ ಈಗಲೇ ಕೆಲಸ ಆಗಬೇಕು.

ಏನು ಮಾಡಬೇಕು? ಮೊದಲು, ಏನು ಮಾಡಬಾರದು ಎಂದು ಹೇಳುತ್ತೇನೆ. ಹರಿದ ಹಾಳೆಗೆ ಸೆಲೋಟೇಪ್ ಅಂಟಿಸಬೇಡಿ, ಅದರ ಅಂಟು ಕೆಲವೇ ವರ್ಷದಲ್ಲಿ ಹಳದಿಯಾಗಿ ಅಕ್ಷರವನ್ನೇ ನುಂಗುತ್ತದೆ. ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸಬೇಡಿ. ಹುಳಿ ಒಳಗೇ ಉಳಿಯುತ್ತದೆ, ಹಾಳೆಯನ್ನು ಮತ್ತೆ ಬಿಡಿಸಲಾಗದು. ಹಳೆಯ ದಿನಪತ್ರಿಕೆಯಲ್ಲಿ ಸುತ್ತಿಡಬೇಡಿ, ಅದರ ಹುಳಿ ಇದಕ್ಕೂ ಹತ್ತುತ್ತದೆ. ಎಂಜಲು ಬೆರಳಿನಲ್ಲಿ ಪುಟ ತಿರುಗಿಸಬೇಡಿ.

ಮಾಡಬೇಕಾದದ್ದು ಇಷ್ಟು. ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿಸಿ, ಪ್ರತಿಗಳನ್ನು ಎರಡು ಬೇರೆ ಬೇರೆ ಕಡೆ ಇಡಬೇಕು. ಮೂಲ ರಿಜಿಸ್ಟರುಗಳನ್ನು ಹುಳಿಯಿಲ್ಲದ ಕಾಗದದಲ್ಲಿ ಸುತ್ತಿ, ಅಡ್ಡವಾಗಿ ಮಲಗಿಸಿ, ಚಾವಣಿಯ ಬಿಸಿ ತಾಕದ, ಗೋಡೆಯ ತೇವ ತಾಕದ ಬೀರುವಿನಲ್ಲಿ ಇಡಬೇಕು. ಎಮಲ್ಷನ್ನಿಗೆ ಹೇಳಿದ ಮಾತೇ ಇದಕ್ಕೂ ಸಲ್ಲುತ್ತದೆ: ತಂಪು, ನೆರಳು. ಹಾಳೆಯ ಹುಳಿ ತೆಗೆಯುವ ವಿಧಾನಗಳಿವೆ, ಆದರೆ ಅದು ಪಳಗಿದವರ ಕೆಲಸ. ಬೆಂಗಳೂರಿನ ರಾಜ್ಯ ಪತ್ರಾಗಾರ ಇಲಾಖೆಯವರ ಸಲಹೆ ಕೇಳಿಯೇ ಕೈ ಹಾಕಬೇಕು. ಸ್ಕ್ಯಾನಿಂಗಿಗೆ ತಗಲುವ ಖರ್ಚಿನಲ್ಲಿ ನನ್ನ ಪಾಲನ್ನು ಈಗಲೇ ಸಮಿತಿಗೆ ಒಪ್ಪಿಸುತ್ತೇನೆ. ನನ್ನ ಬ್ಯಾಚಿನ ಗೆಳೆಯರೂ ಕೈ ಜೋಡಿಸುತ್ತಾರೆ ಎಂಬ ನಂಬಿಕೆ ಇದೆ.

ಇನ್ನೊಂದು ಮನವಿ. ಈ ಉತ್ಸವದ ಸ್ಮರಣ ಸಂಚಿಕೆ ಅಚ್ಚಿಗೆ ಹೋಗುತ್ತಿದೆ ಎಂದು ಕೇಳಿದೆ. ಮುದ್ರಣಾಲಯದವರಿಗೆ ಹುಳಿಯಿಲ್ಲದ ಮ್ಯಾಪ್‌ಲಿತೋ ಕಾಗದವೇ ಬೇಕು ಎಂದು ಒಂದು ಮಾತು ಹೇಳಿ. ತೀ.ನಂ.ಶ್ರೀ. ಹುಟ್ಟಿದ ತಾಲ್ಲೂಕು ನಮ್ಮ ಪಕ್ಕದಲ್ಲೇ ಇದೆ. ಅವರ ಕಾಲದ ಎಷ್ಟೋ ಕನ್ನಡ ಪುಸ್ತಕಗಳ ಮೊದಲ ಮುದ್ರಣಗಳು ಇಂದು ಗ್ರಂಥಾಲಯಗಳಲ್ಲಿ ಪುಡಿಯಾಗುತ್ತಿವೆ. ನಮ್ಮ ಸಂಚಿಕೆಗೆ ಆ ಗತಿ ಬೇಡ.

ಮಕ್ಕಳೇ, ಮನೆಗೆ ಹೋಗಿ ಅಮ್ಮನನ್ನು ಕೇಳಿ ಮೂರು ಲೋಟದಲ್ಲಿ ಸ್ವಲ್ಪ ಸ್ವಲ್ಪ ಕಾಯಿಹಾಲು ಇಡಿ. ಒಂದನ್ನು ಸುಮ್ಮನೆ ಬಿಡಿ, ಒಂದಕ್ಕೆ ನಿಂಬೆರಸ ಹಿಂಡಿ, ಒಂದಕ್ಕೆ ಅಕ್ಕಿ ಗಂಜಿ ಬೆರೆಸಿ. ಗಂಟೆಗೊಮ್ಮೆ ನೋಡಿ ಬರೆದಿಡಿ. ನಾನು ಮೂವತ್ತು ವರ್ಷ ಸಂಬಳ ಪಡೆದು ಮಾಡಿದ ಕೆಲಸದ ಮೊದಲ ಪಾಠ ಅಲ್ಲಿದೆ. ಬರೆದದ್ದನ್ನು ನಿಮ್ಮ ವಿಜ್ಞಾನದ ಮೇಷ್ಟರಿಗೆ ತೋರಿಸಿ. ಅವರು ಕೇಳುವ ಪ್ರಶ್ನೆಯೇ ಎರಡನೆಯ ಪಾಠ.